‘ಬರೀ ಕಾಫಿ ಕುಡಿದಿದ್ದೀನಿ’ ಅಂದರೆ ಎಷ್ಟು ಗಂಟೆ ಕಾಯಬೇಕು?

ಅರಿವಳಿಕೆ ಕೊಡುವ ಮೊದಲು ‘ಊಟ ಎಷ್ಟು ಹೊತ್ತಿಗೆ ಆಯ್ತು?’ ಎಂದಷ್ಟೇ ಕೇಳಿದರೆ ಅರ್ಧ ಮಾತ್ರ ಕೇಳಿದಂತೆ. ಏನು, ಎಷ್ಟು ಅನ್ನುವುದು ಉಳಿದರ್ಧ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೇ ಈ ಪ್ರಶ್ನೆ. ನಮ್ಮ ಕಡೆ ‘ಖಾಲಿ ಹೊಟ್ಟೆ’ ಅಂದರೆ ಬಹಳ ಜನಕ್ಕೆ ತಿಂಡಿ-ಊಟ ಆಗಿಲ್ಲ ಅಂತ ಅರ್ಥ. ಬೆಳಿಗ್ಗೆ ಆರರ ಫಿಲ್ಟರ್ ಕಾಫಿ, ಅದರಲ್ಲಿ ಅದ್ದಿದ ಎರಡು ಬಿಸ್ಕತ್ತು, ಅರ್ಧ ಲೋಟ ರಾಗಿ ಗಂಜಿ, ಇವು ಲೆಕ್ಕಕ್ಕೇ ಬರುವುದಿಲ್ಲ. ರೋಗಿ ಮುಚ್ಚಿಡುತ್ತಿಲ್ಲ, ನಾವು ಕೇಳಿದ್ದು ಸಾಲದು. ಒಂದೊಂದರ ಹೆಸರು ಹಿಡಿದೇ ಕೇಳಬೇಕು: ಕಾಫಿ? ಹಾಲು? ಮಜ್ಜಿಗೆ? ಹಣ್ಣು?

ಜಠರ ಎಲ್ಲವನ್ನೂ ಒಂದೇ ವೇಗದಲ್ಲಿ ಮುಂದೆ ತಳ್ಳುವುದಿಲ್ಲ. ಬರೀ ನೀರಾದರೆ ಸುಮಾರು 20 ನಿಮಿಷದೊಳಗೆ ಅರ್ಧ ಖಾಲಿ. ಗಟ್ಟಿ ಆಹಾರ ಮೊದಲ ಅರ್ಧ ಗಂಟೆ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಜಠರದ ಕೆಳಭಾಗ ಅದನ್ನು ಪೈಲೋರಸ್ ಬಾಗಿಲಿಗೆ (ಜಠರದಿಂದ ಸಣ್ಣ ಕರುಳಿಗೆ ಹೋಗುವ ದ್ವಾರ) ಒತ್ತಿ ಒತ್ತಿ ಅರೆದು, ಚೂರುಗಳು 1–2 ಮಿ.ಮೀ. ಆದ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಅಲ್ಲಿಂದ ಮುಂದಿನ ವೇಗ ಕ್ಯಾಲೊರಿಯ ಕೈಯಲ್ಲಿ: ಸಣ್ಣ ಕರುಳಿಗೆ ನಿಮಿಷಕ್ಕೆ ಅಂದಾಜು 2–3 ಕಿಲೊಕ್ಯಾಲೊರಿ ಮಾತ್ರ ಇಳಿಯುತ್ತದೆ. ಕೊಬ್ಬು ಸಣ್ಣ ಕರುಳಿನ ಮೊದಲ ಭಾಗವಾದ ಡುಯೊಡಿನಮ್ ಮುಟ್ಟಿದೊಡನೆ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಪೈಲೋರಸ್ ಬಿಗಿಯುತ್ತದೆ, ಜಠರದ ಮೇಲ್ಭಾಗ ಸಡಿಲಗೊಳ್ಳುತ್ತದೆ. ಎರಡು ಇಡ್ಲಿಗೂ ಬೆಣ್ಣೆ ದೋಸೆಗೂ ಇರುವ ವ್ಯತ್ಯಾಸ ಇದೇ.

ಹೆಚ್ಚು ಮೋಸ ಹೋಗುವುದು ಹಾಲಿನಲ್ಲಿ. ಲೋಟದಲ್ಲಿ ದ್ರವವಾಗಿದ್ದರೂ ಜಠರದ ಆಮ್ಲ ತಾಗಿದ ಮೇಲೆ ಅದರ ಪ್ರೋಟೀನ್ ಕೇಸೀನ್ ಗಡ್ಡೆಗಟ್ಟುತ್ತದೆ, ಜೊತೆಗೆ ಕೊಬ್ಬು ಬೇರೆ ಇದೆ. ಆದ್ದರಿಂದ ನಮ್ಮ ಅರ್ಧ ಹಾಲಿನ ಕಾಫಿಗೆ 6 ಗಂಟೆ. ಹಾಲಿಲ್ಲದ ಡಿಕಾಕ್ಷನ್‌ಗೆ 2 ಗಂಟೆ ಸಾಕು, ಸಕ್ಕರೆ ಇದ್ದರೂ ಸರಿ. ಮಜ್ಜಿಗೆ, ಗಂಜಿ, ತಿರುಳಿರುವ ಜ್ಯೂಸ್ ಯಾವುದೂ ತಿಳಿ ದ್ರವ ಅಲ್ಲ. ಹಾಲಿಲ್ಲದ ಡಿಕಾಕ್ಷನ್ ಒಂದನ್ನು ಬಿಟ್ಟರೆ, ಲೋಟದ ಹಿಂದೆ ಹಿಡಿದ ಪತ್ರಿಕೆ ಓದಲು ಬಂದರೆ ಮಾತ್ರ ತಿಳಿ ಎಂದು ಮನೆಯವರಿಗೆ ಹೇಳಿ, ಬೇಗ ಅರ್ಥವಾಗುತ್ತದೆ. ಉಳಿದ ಲೆಕ್ಕ: ಎದೆಹಾಲಿಗೆ 4 ಗಂಟೆ, ಹಸುವಿನ ಹಾಲು ಮತ್ತು ಹಗುರ ತಿಂಡಿಗೆ 6, ಕರಿದದ್ದು, ಮಾಂಸ, ಮದುವೆ ಊಟಕ್ಕೆ 8 ಅಥವಾ ಹೆಚ್ಚು.

ಹಾಗೆಂದು ಮಧ್ಯಾಹ್ನ 2ರ ಆಪರೇಷನ್‌ಗೆ ಹಿಂದಿನ ರಾತ್ರಿ 10ರಿಂದ ನೀರನ್ನೂ ನಿಲ್ಲಿಸುವುದು ಬೇಡವೇ ಬೇಡ. ಲಾಲಾರಸ, ಜಠರರಸ ಸುರಿಯುತ್ತಲೇ ಇರುವುದರಿಂದ ಹಾಗೆ ಮಾಡಿದರೂ ಹೊಟ್ಟೆ ಇನ್ನಷ್ಟು ಖಾಲಿಯಾಗುವುದಿಲ್ಲ. ಬಾಯಿ ಒಣಗಿ, ಮಗುವಾದರೆ ಸಕ್ಕರೆ ಇಳಿದು, ಸೂಜಿಗೆ ನರ ಸಿಗದೆ ಒದ್ದಾಡಬೇಕಾಗುತ್ತದೆ. ಮಧ್ಯಾಹ್ನ 12ರವರೆಗೆ ನೀರು ಕೊಡಿ.

ಜಠರ ನಿಧಾನವಾಗಿ, ಗಡಿಯಾರವನ್ನು ನಂಬಬಾರದ ರೋಗಿಗಳೂ ಇದ್ದಾರೆ: ಬಹುಕಾಲದ ಸಕ್ಕರೆ ಕಾಯಿಲೆ, ಹೆರಿಗೆ ನೋವು, ಮಾರ್ಫಿನ್ ಜಾತಿಯ ಔಷಧ, ಸಕ್ಕರೆ ಕಾಯಿಲೆಗೋ ತೂಕ ಇಳಿಸಲೋ ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದು. ಅಪಘಾತದಲ್ಲಿ ಊಟದಿಂದ ಪೆಟ್ಟು ಬೀಳುವವರೆಗಿನ ಅವಧಿ ಮುಖ್ಯ. ನೋವು ಶುರುವಾದ ಮೇಲೆ ಜಠರ ಹೆಚ್ಚುಕಮ್ಮಿ ನಿಂತೇಬಿಡುತ್ತದೆ. ಇಂಥವರಿಗೆ ಅಲ್ಟ್ರಾಸೌಂಡ್ ಹಿಡಿಯಿರಿ. ಬಾಗಿದ ಪ್ರೋಬ್ ಅನ್ನು ಎದೆಮೂಳೆಯ ಕೆಳಗೆ ಉದ್ದಕ್ಕೆ ಇಟ್ಟು, ಯಕೃತ್ತಿನ ಎಡಹಾಲೆಯ ಹಿಂದೆ ಆಂಟ್ರಮ್ (ಜಠರದ ಕೆಳಭಾಗ) ಹುಡುಕಿ. ಮಲಗಿಸಿ ಒಮ್ಮೆ, ಬಲಮಗ್ಗುಲಿಗೆ ತಿರುಗಿಸಿ ಇನ್ನೊಮ್ಮೆ. ಎರಡನೆಯದನ್ನು ಬಿಟ್ಟರೆ ದ್ರವ ತಪ್ಪಿಹೋಗುತ್ತದೆ. ದ್ರವ ಕೆಜಿಗೆ 1.5 ಮಿ.ಲೀ. ಮೀರಿದ್ದರೆ, ಅಥವಾ ಗಟ್ಟಿ ಆಹಾರದ ಗುರುತಾದ ಉಜ್ಜಿದ ಗಾಜಿನಂಥ ಮಸುಕು ಕಂಡರೆ ಹೊಟ್ಟೆ ತುಂಬಿದೆ ಎಂದೇ ಎಣಿಸಿ. ತುರ್ತಿಲ್ಲದಿದ್ದರೆ ಮುಂದಕ್ಕೆ ಹಾಕಿ. ತುರ್ತಾದರೆ ಸಕ್ಷನ್ (ಬಾಯಿ-ಗಂಟಲಿಗೆ ಬಂದದ್ದನ್ನು ಹೀರುವ ಯಂತ್ರ) ಕೈಗೆ ಸಿಗುವಂತೆ ಇಟ್ಟುಕೊಂಡು ರ‍್ಯಾಪಿಡ್ ಸೀಕ್ವೆನ್ಸ್‌ನಲ್ಲಿ (ಪ್ರಜ್ಞೆ ತಪ್ಪಿಸಿದ ಕೂಡಲೇ, ತಡಮಾಡದೆ) ಶ್ವಾಸನಾಳಕ್ಕೆ ಟ್ಯೂಬ್ ಹಾಕಿ. ಮೂಗಿನಿಂದ ಜಠರಕ್ಕೆ ನಳಿಗೆ ಹಾಕಿದೆವು, ಸಾಕು ಅಂದುಕೊಳ್ಳಬೇಡಿ. ಅದರ ತೂತಿನಲ್ಲಿ ಅನ್ನದ ಅಗುಳು ಬರುವುದಿಲ್ಲ.

ಕೇಸ್ ಶೀಟಿನಲ್ಲಿ ‘ರಾತ್ರಿಯಿಂದ ಎನ್‌ಪಿಒ’ (ಬಾಯಿಗೆ ಏನೂ ಕೊಟ್ಟಿಲ್ಲ) ಎಂದು ಬರೆಯಬೇಡಿ. ಹೀಗೆ ಬರೆಯಿರಿ: ‘ರಾತ್ರಿ 9.30ಕ್ಕೆ ಮುದ್ದೆ ಒಂದು, ಸಾರು, ಬೆಳಿಗ್ಗೆ 6.15ಕ್ಕೆ ಹಾಲಿನ ಕಾಫಿ 100 ಮಿ.ಲೀ.; 8ಕ್ಕೆ ನೀರು ಒಂದು ಲೋಟ.’