ಲೋಲಕ, ಎಂಟು ಟ್ಯಾಬ್, ಎಂಬತ್ತು ನಿಮಿಷ

ತರಗತಿಯಲ್ಲಿ 36 ಮಕ್ಕಳು, ನಮ್ಮ ಹತ್ತಿರ ಇದ್ದದ್ದು 8 ಟ್ಯಾಬ್. ಎರಡು ಪೀರಿಯಡ್ ಸೇರಿಸಿ 80 ನಿಮಿಷ. ಪಾಠ ಸರಳ ಲೋಲಕ. ಕಪ್ಪುಹಲಗೆಯ ಮೇಲೆ ಬರೆದದ್ದು ಒಂದೇ ಸಾಲು: "ಲೋಲಕ ಇನ್ನೂ ಬೇಗ ಬೇಗ ತೂಗಬೇಕು ಅಂದರೆ ಏನನ್ನು ಬದಲಿಸಬೇಕು?" ಸೂತ್ರ ಬರೆಯಲಿಲ್ಲ, ವ್ಯಾಖ್ಯೆ ಹೇಳಲಿಲ್ಲ. ಮಕ್ಕಳು ತಾವಾಗಿ ಕಲಿಯಲಿ ಎಂದು ಟ್ಯಾಬ್ ಕೊಟ್ಟ ಮೇಲೆ ಉತ್ತರವನ್ನೂ ನಾವೇ ಹೇಳಿಬಿಟ್ಟರೆ ಟ್ಯಾಬ್ ಬರೀ ಬೆಳಗುವ ಪಠ್ಯಪುಸ್ತಕ ಆಗುತ್ತದೆ.

ನಿಜವಾದ ಕೆಲಸ ನಡೆದದ್ದು ಹಿಂದಿನ ದಿನ. ಬಳಸಿದ್ದು ಫೆಟ್‌ನ ಲೋಲಕದ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಫೆಟ್. ಉಚಿತ. ಪ್ರತಿ ಸಿಮ್ಯುಲೇಶನ್ನೂ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಇಳಿಯುತ್ತದೆ, ಆಮೇಲೆ ಇಂಟರ್ನೆಟ್ ಬೇಕಿಲ್ಲ. ಆದರೆ ಫೈಲ್ ನಕಲು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೂರು ಟ್ಯಾಬ್‌ಗಳಲ್ಲಿ ಫೈಲ್ ಒತ್ತಿದಾಗ ಅದು ಬ್ರೌಸರ್‌ಗೆ ಹೋಗದೆ ಬೇರೆ ಯಾವುದೋ ಆ್ಯಪ್‌ನಲ್ಲಿ ತೆರೆದುಕೊಂಡು ಬಿಳಿ ಪರದೆ ತೋರಿಸಿತು. 'ಇದರಲ್ಲಿ ತೆರೆ' ಎಂಬ ಆಯ್ಕೆಗೆ ಹೋಗಿ ಬ್ರೌಸರನ್ನೇ ಆರಿಸಬೇಕಾಯಿತು. ಎಂಟರಲ್ಲೂ ಒಮ್ಮೆ ತೆರೆದು, ಗುಂಡನ್ನು ಎಳೆದು ಬಿಟ್ಟು, ತೂಗುವುದನ್ನು ಕಣ್ಣಾರೆ ನೋಡಿದ ಮೇಲೇ ಚಾರ್ಜಿಗೆ ಹಾಕಿದ್ದು. ಪರದೆ ಆರುವ ಸಮಯವನ್ನು 30 ಸೆಕೆಂಡಿನಿಂದ 10 ನಿಮಿಷಕ್ಕೆ ಏರಿಸಿದೆವು. ಇಲ್ಲದಿದ್ದರೆ ಮಕ್ಕಳು ಕಾಗದದಲ್ಲಿ ಬರೆಯುತ್ತಿರುವಾಗಲೇ ಪರದೆ ಕತ್ತಲಾಗುತ್ತದೆ, ಯೋಚನೆಯ ಎಳೆಯೂ ಅಲ್ಲೇ ಕಡಿಯುತ್ತದೆ. ಕೊನೆಗೆ ಎಲ್ಲವನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿದ್ದಾಯಿತು. ಟ್ಯಾಬ್‌ಗಳು ಒಟ್ಟಿಗೆ ನೆಟ್ ಕಂಡ ಕೂಡಲೇ ಅಪ್‌ಡೇಟ್ ಇಳಿಸಲು ಶುರುಮಾಡುತ್ತವೆ, ಪಾಠದ ಮಧ್ಯೆ ಅದು ಬೇಡ.

ಎಂಟು ಟ್ಯಾಬ್ ಸಾಲದಲ್ಲ ಎಂಬ ಚಿಂತೆ ಮೊದಲು ಇತ್ತು. ಸಾಲದಿದ್ದದ್ದೇ ಒಳ್ಳೆಯದಾಯಿತು. ಮೂವರಂತೆ 12 ಗುಂಪು. ಆರು ಗುಂಪು ಟ್ಯಾಬ್ ಮುಂದೆ, ಆರು ಗುಂಪು ನಿಜವಾದ ದಾರ ಮತ್ತು ಗುಂಡಿನ ಮುಂದೆ, ಅರ್ಧ ಹೊತ್ತಾದ ಮೇಲೆ ಅದಲು ಬದಲು. ಉಳಿದ ಎರಡು ಟ್ಯಾಬ್‌ಗಳಲ್ಲಿ ಒಂದು ವಿಡಿಯೊ ತೆಗೆಯಲು, ಇನ್ನೊಂದು ಸುಳಿವು ನೋಡಲು. ಸಮಯ ಹಂಚಿದ್ದು ಹೀಗೆ: ಊಹೆಗೆ 8 ನಿಮಿಷ, ಯೋಜನೆಗೆ 5, ಮೊದಲ ಸುತ್ತು 22, ಜಾಗ ಬದಲಿಸಲು 3, ಎರಡನೇ ಸುತ್ತು 22, ಕೊನೆಯ ಮಾತಿಗೆ 20. ಜಾಗ ಬದಲಿಸುವುದಕ್ಕೆ 3 ನಿಮಿಷ ಹೆಚ್ಚು ಎನಿಸಬಹುದು. 36 ಮಕ್ಕಳು ಬೆಂಚು ಬಿಟ್ಟು ಎದ್ದರೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಯುವುದಿಲ್ಲ.

ಆ ದಿನದ ಅತಿ ಮುಖ್ಯ ಸಾಧನ ಯಾವುದು ಎಂದರೆ ನಾನು ಟ್ಯಾಬ್ ಎನ್ನುವುದಿಲ್ಲ, ಅಂಗೈ ಅಗಲದ ಚೀಟಿ ಎನ್ನುತ್ತೇನೆ. ಅದರಲ್ಲಿ ನಾಲ್ಕು ಚೌಕ: ನನ್ನ ಊಹೆ ಮತ್ತು ಯಾಕೆ; ಯಾವುದೊಂದನ್ನು ಬದಲಿಸುತ್ತೇನೆ, ಯಾವುದನ್ನು ಹಾಗೇ ಬಿಡುತ್ತೇನೆ; ಕಂಡದ್ದು; ಇನ್ನೂ ಉಳಿದ ಪ್ರಶ್ನೆ. ಮೊದಲ ಎರಡು ಚೌಕ ತುಂಬದೆ ಪರದೆ ಮುಟ್ಟುವ ಹಾಗಿಲ್ಲ. ಕಲಿಯುವವರು ತಮ್ಮ ಕಲಿಕೆಯನ್ನು ತಾವೇ ನಡೆಸಿಕೊಳ್ಳುವ ಬಗೆಯನ್ನು ಶಿಕ್ಷಣ ಮನೋವಿಜ್ಞಾನಿ ಬ್ಯಾರಿ ಜಿಮ್ಮರ್‌ಮನ್ ಮೂರು ಹಂತವಾಗಿ ವಿವರಿಸಿದ್ದಾರೆ: ಮುಂಚಿನ ಯೋಚನೆ, ಕೆಲಸ, ಆಮೇಲಿನ ಅವಲೋಕನ. ಸಾಮಾನ್ಯವಾಗಿ ನಾವು ಟ್ಯಾಬ್ ಕೊಟ್ಟು ನಡುವಿನ ಹಂತವನ್ನಷ್ಟೇ ಮಾಡಿಸುತ್ತೇವೆ. ಹಿಂದುಮುಂದಿನ ಎರಡನ್ನು ಹಿಡಿದಿಡುವುದು ಆ ಚೀಟಿ.

ಊಹೆ ಬರೆಯಿರಿ ಎಂದರೆ ಮಕ್ಕಳು ಸುಮ್ಮನೆ ಕೂರುತ್ತಾರೆ, ತಪ್ಪಾದರೆ ಎಂಬ ಅಂಜಿಕೆ. ಅಂದು ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ, ಅಳಿಸಬೇಡಿ, ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ ಎಂದು ಹೇಳಿತ್ತು. 36ರಲ್ಲಿ ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಬಂದದ್ದು ಒಂದೇ ಊಹೆ: ಭಾರದ ಗುಂಡು ಬೇಗ ತೂಗುತ್ತದೆ.

ಟ್ಯಾಬ್ ಕಡೆಯ ಗುಂಪುಗಳು ಮೊದಲ ಐದು ನಿಮಿಷ ಸುಮ್ಮನೆ ಆಡಿದವು. ಆ ಸಿಮ್ಯುಲೇಶನ್‌ನಲ್ಲಿ ದಾರದ ಉದ್ದ, ಗುಂಡಿನ ರಾಶಿ (ಅದರಲ್ಲಿರುವ ದ್ರವ್ಯದ ಪ್ರಮಾಣ), ಗುರುತ್ವ, ಘರ್ಷಣೆ ನಾಲ್ಕನ್ನೂ ಜಾರಿಸಿ ಬದಲಿಸಬಹುದು; ಚಂದ್ರನಿಗೂ ಗುರುಗ್ರಹಕ್ಕೂ ಹೋಗಬಹುದು. ಮಕ್ಕಳು ನಾಲ್ಕನ್ನೂ ಒಟ್ಟಿಗೆ ಜಾರಿಸುತ್ತಾರೆ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಇದನ್ನು ತಡೆಯಲು ಹೋಗಬಾರದು. ಆ ಐದು ನಿಮಿಷ ಕೊಡದಿದ್ದರೆ ಇಡೀ 22 ನಿಮಿಷ ಕದ್ದು ಕದ್ದು ಆಡುತ್ತಾರೆ. ಐದಾದ ಮೇಲೆ "ಚೀಟಿಯ ಎರಡನೇ ಚೌಕ ಏನು ಹೇಳುತ್ತೆ ನೋಡ್ರಪ್ಪಾ" ಎಂದರೆ ಸಾಕು, ಮೂವರಲ್ಲಿ ಒಬ್ಬರಾದರೂ ಓದಿ ಹೇಳುತ್ತಾರೆ. ಅವರಲ್ಲೂ ಕೆಲಸ ಹಂಚಿತ್ತು: ಒಬ್ಬರು ಪರದೆ, ಒಬ್ಬರು ಬರಹ, ಇನ್ನೊಬ್ಬರ ಕೆಲಸ "ಯಾಕೆ?" ಎಂದು ಕೇಳುವುದು. ಏಳು ನಿಮಿಷಕ್ಕೊಮ್ಮೆ ಕೆಲಸ ಬದಲು. ಇದಿಲ್ಲದಿದ್ದರೆ ಟ್ಯಾಬ್ ಕೊನೆಯವರೆಗೂ ಒಬ್ಬರ ಕೈಯಲ್ಲೇ ಉಳಿಯುತ್ತದೆ, ಮತ್ತಿಬ್ಬರು ಪ್ರೇಕ್ಷಕರು.

ದಾರದ ಕಡೆ ತೊಂದರೆಗಳು ಬೇರೆ. ಗುಂಡು ಒಮ್ಮೆ ಹೋಗಿ ಮರಳಿ ಬಂದರೆ ಒಂದು ಆಂದೋಲನ. ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ಅಳೆದು ಇಪ್ಪತ್ತರಿಂದ ಭಾಗಿಸಬೇಕು. ಸ್ಟಾಪ್‌ವಾಚ್ ಒತ್ತುವ ಕೈ ಸುಮಾರು 0.2 ಸೆಕೆಂಡು ತಡಮಾಡುತ್ತದೆ. ಒಂದೇ ಆಂದೋಲನ ಅಳೆದರೆ ಅದು ದೊಡ್ಡ ತಪ್ಪು, ಇಪ್ಪತ್ತಕ್ಕೆ ಹಂಚಿದರೆ 0.01. ಎರಡು ಗುಂಪಿಗೆ ಉತ್ತರ ಶೇಕಡಾ 5ರಷ್ಟು ಕಡಿಮೆ ಬರುತ್ತಿತ್ತು. ಕಾರಣ, ಗುಂಡು ಬಿಟ್ಟ ಕ್ಷಣಕ್ಕೇ "ಒಂದು" ಎಂದು ಎಣಿಕೆ ಶುರು. ಆಗ ಇಪ್ಪತ್ತು ಎನ್ನುವ ಹೊತ್ತಿಗೆ ನಿಜವಾಗಿ ಹತ್ತೊಂಬತ್ತೇ ಆಗಿರುತ್ತದೆ. ಬಿಡುವಾಗ "ಸೊನ್ನೆ" ಎನ್ನಬೇಕು. ಇದನ್ನು ನಾವು ಹೇಳಲಿಲ್ಲ. ವಿಡಿಯೊದ ಟ್ಯಾಬ್‌ನಲ್ಲಿ ತಮ್ಮದೇ ದನಿ ಕೇಳಿದಾಗ ಒಂದು ಗುಂಪು ಹಿಡಿಯಿತು, ಪಕ್ಕದ ಗುಂಪಿಗೆ ಹೋಗಿ ಹೇಳಿತು.

ಈಗ ನಾಲ್ಕನೇ ಗುಂಪಿನ ವಿಷಯ. ಅವರ ಮುಂದೆ ಎರಡು ಗುಂಡು: 2 ಸೆಂಟಿಮೀಟರ್ ಅಡ್ಡಳತೆಯ ಕಬ್ಬಿಣದ ಗುಂಡು, ತೂಕ ಸುಮಾರು 33 ಗ್ರಾಂ; 5 ಸೆಂಟಿಮೀಟರಿನ ಜೇಡಿಮಣ್ಣಿನ ಉಂಡೆ, ಸುಮಾರು 120 ಗ್ರಾಂ. ಎರಡಕ್ಕೂ ದಾರ ಸರಿಯಾಗಿ 50 ಸೆಂಟಿಮೀಟರ್. ಕಬ್ಬಿಣದ್ದು ಇಪ್ಪತ್ತು ಆಂದೋಲನಕ್ಕೆ 28.7, 28.6, 28.8 ಸೆಕೆಂಡು ತೆಗೆದುಕೊಂಡಿತು. ಮಣ್ಣಿನದ್ದು 29.1, 29.2, 29.0. ಮೂರು ಸಲವೂ ಭಾರದ್ದೇ ನಿಧಾನ. ಭಾರದ್ದು ಬೇಗ ಎಂದು ಊಹಿಸಿದ್ದ ಆ ಮೂವರು ಊಹೆ ತಿರುಗುಮುರುಗಾಗಿದ್ದಕ್ಕೆ ಬೆರಗಾಗಿ, ಮೂರನೇ ಚೌಕದಲ್ಲಿ "ಭಾರ ಹೆಚ್ಚಾದರೆ ನಿಧಾನ" ಎಂದು ಬರೆದರು. ಜಾಗ ಬದಲಾಯಿತು. ಟ್ಯಾಬ್‌ನಲ್ಲಿ ರಾಶಿಯನ್ನು ಎಷ್ಟು ಜಾರಿಸಿದರೂ ಅವಧಿ, ಅಂದರೆ ಒಂದು ಆಂದೋಲನಕ್ಕೆ ಹಿಡಿಯುವ ಹೊತ್ತು, 1.42 ಸೆಕೆಂಡಿನಿಂದ ಕದಲಲಿಲ್ಲ.

"ಮೇಡಂ, ಯಾವುದು ಸರಿ? ದಾರದ್ದಾ, ಟ್ಯಾಬಿನದ್ದಾ?"

ಇಲ್ಲಿ ಬಾಯಿ ಬಿಗಿಹಿಡಿಯುವುದು ಕಷ್ಟ. ಅರ್ಧ ನಿಮಿಷದಲ್ಲಿ ವಿವರಿಸಿಬಿಡಬಹುದು. "ಎರಡೂ ಸುಳ್ಳು ಹೇಳ್ತಿಲ್ಲ ಅಂತ ಇಟ್ಕೊಳ್ಳಿ, ಹಾಗಾದ್ರೆ ಎರಡರಲ್ಲಿ ಏನು ವ್ಯತ್ಯಾಸ ಇದೆ ಹುಡುಕಿ" ಎಂದಷ್ಟೇ ಉತ್ತರ ಹೋಯಿತು. ಅವರು ಗಾಳಿ ಎಂದರು, ಘರ್ಷಣೆ ಎಂದರು. ಟ್ಯಾಬ್‌ನಲ್ಲಿ ಘರ್ಷಣೆ ಹೆಚ್ಚಿಸಿ ನೋಡಿದರು. ತೂಗಾಟ ಬೇಗ ನಿಂತಿತೇ ಹೊರತು ಅವಧಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಬದಲಾವಣೆ ಇಲ್ಲ. ಆಮೇಲೆ ಒಬ್ಬಳು ಎದ್ದುಹೋಗಿ ವಿಡಿಯೊದ ಟ್ಯಾಬ್ ತಂದಳು. ಎರಡೂ ಗುಂಡುಗಳನ್ನು ಅಕ್ಕಪಕ್ಕ ತೂಗುಹಾಕಿ, ತೂಗಿಸದೆ, ಬರೀ ಹಾಗೇ ತೆಗೆದ ಒಂದು ಚಿತ್ರ ಅದರಲ್ಲಿತ್ತು. ಎರಡು ಬೆರಳಿಂದ ಹಿಗ್ಗಿಸಿದಳು. ದಾರದ ತುದಿ ಎರಡರಲ್ಲೂ ಒಂದೇ ಮಟ್ಟ. ಗುಂಡಿನ ಹೊಟ್ಟೆ ಮಾತ್ರ ಒಂದೇ ಮಟ್ಟದಲ್ಲಿಲ್ಲ. ಸಿಮ್ಯುಲೇಶನ್‌ನ ಪಟ್ಟಿಯನ್ನು ಮತ್ತೆ ಗುಂಡಿನ ಮೇಲಿಟ್ಟು ನೋಡಿದಳು. ಅಲ್ಲಿ ಅಳತೆ ಮುಗಿಯುವುದು ಗುಂಡಿನ ನಡುಮಧ್ಯದಲ್ಲಿ, ಮೇಲ್ತುದಿಯಲ್ಲಿ ಅಲ್ಲ. ಅಂದರೆ ಅವರ ಕಬ್ಬಿಣದ ಲೋಲಕದ ಉದ್ದ 51 ಸೆಂಟಿಮೀಟರ್, ಮಣ್ಣಿನದ್ದು 52.5. ಮಣ್ಣಿನ ಉಂಡೆಯ ದಾರವನ್ನು ಒಂದೂವರೆ ಸೆಂಟಿಮೀಟರ್ ಮೇಲೆಳೆದು ಗಂಟು ಹಾಕಿ ಮತ್ತೆ ತೂಗಿಸಿದರು. 28.7.

ಈ ಕ್ಷಣ ಟ್ಯಾಬ್ ಒಂದರಿಂದಲೇ ಬರುತ್ತಿರಲಿಲ್ಲ, ದಾರ ಒಂದರಿಂದಲೂ ಬರುತ್ತಿರಲಿಲ್ಲ. ಬರೀ ಸಿಮ್ಯುಲೇಶನ್ ಇದ್ದಿದ್ದರೆ "ರಾಶಿಗೂ ಅವಧಿಗೂ ಸಂಬಂಧವಿಲ್ಲ" ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಬರೀ ದಾರ ಇದ್ದಿದ್ದರೆ ತಪ್ಪು ನಿಯಮವೊಂದು ಮನಸ್ಸಿನಲ್ಲಿ ಕೂತುಬಿಡುತ್ತಿತ್ತು. ಎರಡರ ನಡುವೆ ಜಗಳ ಹತ್ತಿದಾಗಲೇ ಮಕ್ಕಳು ತಾವಾಗಿ ಹುಡುಕಲು ಹೊರಟದ್ದು. ಹಾಗಾಗಿ ಎರಡು ಗುಂಡುಗಳ ಗಾತ್ರ ಬೇರೆ ಇರಬೇಕು ಎಂಬುದನ್ನು ಬೇಕೆಂದೇ ಇಟ್ಟುಕೊಳ್ಳಿ. ಒಂದೇ ಗಾತ್ರದ ಗುಂಡು ತಂದರೆ ಪ್ರಯೋಗ ಚೊಕ್ಕವಾಗಿ ಮುಗಿಯುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ.

ಇನ್ನೊಂದು ಗುಂಪಿಗೆ ಪುಸ್ತಕದ ಮಾತು ಬಾಯಿಪಾಠವಿತ್ತು: ಎಷ್ಟು ದೂರ ಎಳೆದು ಬಿಟ್ಟರೂ ಅವಧಿ ಒಂದೇ. 1 ಮೀಟರ್ ಲೋಲಕವನ್ನು 10 ಡಿಗ್ರಿಗೆ ಎಳೆದಾಗ 2.01 ಸೆಕೆಂಡು. 60 ಡಿಗ್ರಿಗೆ ಎಳೆದಾಗ 2.15. ಟ್ಯಾಬ್ ಕೆಟ್ಟಿದೆ ಎಂದು ದೂರು ಬಂತು. ಕೆಟ್ಟಿರಲಿಲ್ಲ. 'ಸಣ್ಣ ಕೋನಕ್ಕೆ ಮಾತ್ರ' ಎಂಬ ಷರತ್ತನ್ನು ಓದುವಾಗ ಎಲ್ಲರೂ ಹಾರಿಸಿಬಿಡುತ್ತಾರೆ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಹೈಗನ್ಸ್ ಕೂಡ ಇದೇ ತೊಡಕನ್ನು ಎದುರಿಸಿದವನು.

ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಬಳಸಿದ ಕಡೆ ಸಣ್ಣ ಎಡವಟ್ಟಾಯಿತು. ಸ್ಟಾಪ್‌ವಾಚ್‌ನಲ್ಲಿ 00:28.66 ಎಂದು ಕಂಡದ್ದನ್ನು ಹಾಗೇ ತುಂಬಿದರು. ಶೀಟ್ ಅದನ್ನು ಗಡಿಯಾರದ ಹೊತ್ತು ಎಂದುಕೊಂಡು ದಿನದ ಭಾಗವಾಗಿ ಇಟ್ಟುಕೊಂಡಿತು. ಇಪ್ಪತ್ತರಿಂದ ಭಾಗಿಸಿದರೆ 0.0000166ರಂಥ ಅಂಕಿ. ಬರೀ 28.66 ಎಂದು ತುಂಬಬೇಕು. ಸರಿಯಾದ ಮೇಲೆ ಉದ್ದ ಮತ್ತು ಅವಧಿಯ ನಕ್ಷೆ ಬಾಗಿದ ಗೆರೆಯಾಗಿ ಬಂತು. ಅವಧಿಯ ವರ್ಗ ತೆಗೆದು ನೋಡಿ ಎಂಬ ಸುಳಿವು ಸಿಕ್ಕವರಿಗೆ ನೇರ ಗೆರೆ: 0.2 ಮೀಟರಿಗೆ 0.8, 0.4ಕ್ಕೆ 1.6, 1 ಮೀಟರಿಗೆ 4.0. ಬೇಗ ಮುಗಿಸಿದ ಇಬ್ಬರು ಸಿಮ್ಯುಲೇಶನ್‌ನಲ್ಲಿರುವ ಹೆಸರಿಲ್ಲದ ಗ್ರಹದ ಗುರುತ್ವ ಕಂಡುಹಿಡಿಯಲು ಹೊರಟರು. 39.5ನ್ನು (ಸೂತ್ರದಲ್ಲಿ ಬರುವ 4π²) ಉದ್ದದಿಂದ ಗುಣಿಸಿ ಅವಧಿಯ ವರ್ಗದಿಂದ ಭಾಗಿಸುವುದು. ಮೊದಲು ಭೂಮಿಗೆ ಮಾಡಿ 9.8 ಬರುತ್ತದೆಯೇ ಎಂದು ನೋಡಿಕೊಂಡೇ ಮುಂದುವರಿದರು. ತನ್ನ ಅಳತೆಗೋಲನ್ನು ತಾನೇ ಪರೀಕ್ಷಿಸಿಕೊಳ್ಳುವ ಈ ಅಭ್ಯಾಸಕ್ಕೆ ನಾನು ಉತ್ತರಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಸುಳಿವುಗಳನ್ನು ಕ್ಯೂಆರ್ ಕೋಡ್‌ನಲ್ಲಿ ಇಟ್ಟಿತ್ತು. ಲಿಂಕ್ ಅಲ್ಲ, ಪಠ್ಯವನ್ನೇ; ಆಗ ನೆಟ್ ಇಲ್ಲದೆಯೂ ಓದಿಕೊಳ್ಳುತ್ತದೆ. ಕ್ಯೂಆರ್‌ನಲ್ಲಿ ಹೆಚ್ಚೆಂದರೆ 2953 ಬೈಟ್ ಹಿಡಿಯುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, 'ಕ್ಕೆ' ಎಂಬ ಒಂದು ಅಕ್ಷರಕ್ಕೇ 12 ಹೋಗುತ್ತದೆ. ಉದ್ದ ಬರೆದರೆ ಚುಕ್ಕಿಗಳು ಒತ್ತಾಗಿ, ಕಡಿಮೆ ಬೆಳಕಿನಲ್ಲಿ ಕ್ಯಾಮೆರಾ ಹಿಡಿಯುವುದಿಲ್ಲ. ಒಂದು ಸುಳಿವಿಗೆ ಒಂದೇ ಸಣ್ಣ ವಾಕ್ಯ ಸಾಕು, ಅದೂ ಪ್ರಶ್ನೆಯ ರೂಪದಲ್ಲಿ. ಸುಳಿವಿನ ಟ್ಯಾಬನ್ನು ಕೋಣೆಯ ಹಿಂದಿನ ಮೂಲೆಯಲ್ಲಿಟ್ಟಿದ್ದು ಬೇಕೆಂದೇ. ಎದ್ದು ನಡೆದು ಹೋಗಬೇಕಾದಾಗ ಮಕ್ಕಳು ಇನ್ನೊಮ್ಮೆ ಯೋಚಿಸುತ್ತಾರೆ.

ಕೊನೆಯ 20 ನಿಮಿಷಕ್ಕೆ ಟ್ಯಾಬ್‌ಗಳನ್ನೆಲ್ಲ ಕವುಚಿ ಇಡಿಸಿತ್ತು. ಪರದೆ ಕಾಣುತ್ತಿದ್ದರೆ ಯಾರೂ ಮತ್ತೊಬ್ಬರ ಮಾತು ಕೇಳುವುದಿಲ್ಲ. ನಾಲ್ಕನೇ ಗುಂಪು ತಮ್ಮ ತಪ್ಪು ಸಾಲನ್ನೂ ಓದಿತು, ಪಕ್ಕದಲ್ಲಿ ಬರೆದ ಹೊಸ ಸಾಲನ್ನೂ ಓದಿತು. ಚೀಟಿಗಳನ್ನು ಒಟ್ಟುಮಾಡಿ ಕೊನೆಯ ಚೌಕ ನೋಡಿದಾಗ ಹಲವು ಖಾಲಿ ಇದ್ದವು, ಕೆಲವರು ಊಹೆಯನ್ನೇ ಮತ್ತೆ ಬರೆದಿದ್ದರು. ಪ್ರಶ್ನೆ ಕೇಳುವುದು ಒಂದು ದಿನದಲ್ಲಿ ಬರುವುದಿಲ್ಲ. ಒಂದು ಚೀಟಿಯಲ್ಲಿ ಮಾತ್ರ ಹೀಗಿತ್ತು: "ಗುಂಡಿನ ಬದಲು ನೀರು ತುಂಬಿದ ಬಾಟಲಿ ಕಟ್ಟಿ, ತಳಕ್ಕೆ ತೂತು ಮಾಡಿದರೆ, ನೀರು ಸೋರುತ್ತಾ ಹೋದ ಹಾಗೆ ನಡುಮಧ್ಯ ಎಲ್ಲಿಗೆ ಹೋಗುತ್ತೆ?"

ಸಿಮ್ಯುಲೇಶನ್‌ನಲ್ಲಿ ಅದಕ್ಕೆ ಜಾರಿಸುವ ಗುಂಡಿಯಿಲ್ಲ. ಮರುದಿನಕ್ಕೆ ಒಂದು ಬಾಟಲಿ, ಒಂದು ದಬ್ಬಣ, ಕೆಳಗಿಡಲು ಬಕೆಟ್ ಮತ್ತು ವಿಡಿಯೊದ ಟ್ಯಾಬ್ ತೆಗೆದಿಟ್ಟದ್ದಾಯಿತು.