ತಿಥಿ ಗೊತ್ತಿಲ್ಲದವರ ದಿನ

2 ಅಕ್ಟೋಬರ್ 2024, ಬುಧವಾರ
ತಾಕೇವ್, ಕಾಂಬೋಡಿಯಾ

ನಮ್ಮೂರಲ್ಲಿ ಇವತ್ತು ಮಹಾಲಯ ಅಮಾವಾಸ್ಯೆ. ಇಲ್ಲಿ ಪ್ಚುಮ್ ಬೆನ್. ಇಲ್ಲಿನ ಜನ ಖ್ಮೇರರೂ ಭಾದ್ರಪದದ ಕೃಷ್ಣಪಕ್ಷವನ್ನು ಹಿರಿಯರಿಗೇ ಬಿಟ್ಟಿದ್ದಾರೆ. ಮೂರು ದಿನ ಸರ್ಕಾರಿ ರಜೆ, ರಾಜಧಾನಿ ನೋಮ್ ಪೆನ್ ಅರ್ಧ ಖಾಲಿ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಲೈನಿನಲ್ಲಿರುವ ಹುಡುಗಿಯೊಬ್ಬಳು "ನಮ್ಮೂರಿಗೆ ಬನ್ನಿ" ಎಂದು ಕರೆದಳು, ಹೊರಟುಬಿಟ್ಟೆ.

ಬೆಳಗಿನ ಜಾವ ಮೂರೂವರೆಗೇ ಅವಳ ಅಜ್ಜಿ ಎಬ್ಬಿಸಿದರು. ಅಂಟಕ್ಕಿ ಅನ್ನಕ್ಕೆ ಎಳ್ಳು ಕಲಸಿ, ನಿಂಬೆಗಾತ್ರದ ಉಂಡೆ ಕಟ್ಟಿ ತಟ್ಟೆ ತುಂಬ ಇಟ್ಟಿದ್ದರು. ಥೇಟ್ ಪಿಂಡ! ಬೌದ್ಧ ವಿಹಾರದ ಸುತ್ತ ಬರಿಗಾಲಲ್ಲಿ ನಡೆಯುತ್ತಾ ಕತ್ತಲೊಳಕ್ಕೆ ಒಂದೊಂದೇ ಉಂಡೆ ಎಸೆಯಬೇಕು. ಪ್ರೇತಗಳಿಗೆ ಬೆಳಕು ಆಗುವುದಿಲ್ಲ, ಅದಕ್ಕೇ ಈ ಹೊತ್ತು. ಏಳು ವಿಹಾರ ಅಲೆದರೂ ತಮ್ಮವರು ಇಟ್ಟ ಅನ್ನ ಸಿಗದಿದ್ದರೆ ಶಾಪ ಹಾಕುತ್ತವಂತೆ. ಕೆಸರು, ಸೊಳ್ಳೆ, ಮೊಬೈಲ್ ಟಾರ್ಚು, ಹಿಂದೆ ಬೀಳುವ ನಾಯಿಗಳು. ಅಜ್ಜಿ ಮಾತ್ರ ಯಾವುದಕ್ಕೂ ನಿಲ್ಲದೆ, ಒಂದೊಂದು ಉಂಡೆಗೆ ಒಂದೊಂದು ಹೆಸರು ಹೇಳುತ್ತಾ ಹೋದರು. ಅಪ್ಪ, ಅಮ್ಮ, ಗಂಡ, ಇಬ್ಬರು ಅಣ್ಣಂದಿರು. ಕೊನೆಯ ಒಂದು ಹಿಡಿ ಯಾರೂ ಇಲ್ಲದವರಿಗೆ.

ಅಣ್ಣಂದಿರು ಹೋದದ್ದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ನಾಯಕ ಪೋಲ್ ಪಾಟ್ ಆಳಿದ ಕಾಲದಲ್ಲಿ. ಯಾವ ದಿನ, ಎಲ್ಲಿ, ಹೇಳುವವರಿಲ್ಲ. 1975ರ ಏಪ್ರಿಲ್‌ನಿಂದ 1979ರ ಜನವರಿವರೆಗೆ ಈ ಪುಟ್ಟ ದೇಶದಲ್ಲಿ ಸುಮಾರು 17 ಲಕ್ಷ ಜನ ಹಸಿವು, ರೋಗ, ದುಡಿತ, ಕೊಲೆಗೆ ಸತ್ತರು. ತಿಥಿ ಗೊತ್ತಿಲ್ಲದವರಿಗೆ ನಾವೂ ಮಹಾಲಯದ ದಿನವೇ ಎಡೆ ಇಡುತ್ತೇವೆ, ಅಲ್ವಾ? ನಮ್ಮಲ್ಲಿ ಅಂಥವರು ಮನೆಗೊಬ್ಬರೋ ಇಬ್ಬರೋ. ಇಲ್ಲಿ ಊರಿಗೆ ಊರೇ.

ಖ್ಮೇರ್ ರೂಜ್‌ನವರು ಕುಟುಂಬಕ್ಕೂ ಕೈ ಹಾಕಿದರು. ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಎಲ್ಲರಿಗೂ ಸಾಮೂಹಿಕ ಗಂಜಿ. ದೊಡ್ಡ ಮಕ್ಕಳು ಬೇರೆ ಶಿಬಿರಕ್ಕೆ. ಅಪ್ಪ ಅಮ್ಮ ಎಲ್ಲ 'ಅಂಗ್ಕಾರ್', ಅಂದರೆ ಅವರ ಸಂಘಟನೆಯೇ. ಗುರುತಿಲ್ಲದ ಗಂಡು ಹೆಣ್ಣನ್ನು ಸಾಲಾಗಿ ಕೂರಿಸಿ ಮದುವೆ ಮಾಡಿಸಿದ್ದೂ ಉಂಟು. ಅದು ಅಪರಾಧ ಎಂಬ ತೀರ್ಪು ಬಂದದ್ದು 2018ರಲ್ಲಿ. ಅಜ್ಜಿ ಆ ಕಾಲದ ಸುದ್ದಿ ಎತ್ತುವುದಿಲ್ಲ. ಆದರೆ ಅನ್ನದ ಪಾತ್ರೆಗೆ ಬೇರೆಯವರ ಕೈ ಸೋಕಲು ಬಿಡುವುದಿಲ್ಲ. ಬಡಿಸುವುದೂ ಅವರೇ, ಸೌಟೂ ಅವರದೇ.

ಇಲ್ಲಿ ಮದುವೆಯಲ್ಲಿ ದುಡ್ಡು ಕೊಡುವುದು ಗಂಡಿನ ಕಡೆಯವರು. ಎಷ್ಟೋ ಕಡೆ ಹೊಸ ಜೋಡಿ ಮೊದಲು ಹೆಣ್ಣಿನ ಮನೆಯಲ್ಲೇ ಇರುತ್ತದೆ. ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಹೆಚ್ಚಾಗಿ ಕಿರಿ ಮಗಳು, ಮನೆಯೂ ಅವಳಿಗೇ. ವರದಕ್ಷಿಣೆಯ ಊರಿನಿಂದ ಬಂದ ನನಗೆ ಕೇಳಿ ಖುಷಿಯಾಯಿತು. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಗಾರ್ಮೆಂಟ್ಸ್ ಕಾರ್ಮಿಕರಿಗೆ ಈ ವರ್ಷ ಕನಿಷ್ಠ ಸಂಬಳ ತಿಂಗಳಿಗೆ 204 ಡಾಲರ್. ಅದರಲ್ಲಿ ಅರ್ಧ ಈ ಹುಡುಗಿ ಊರಿಗೆ ಕಳಿಸುತ್ತಾಳೆ. ತಮ್ಮನ ಫೀಸು, ಅಜ್ಜಿಯ ಮಾತ್ರೆ, ಸಾಲದ ಕಂತು. ತಾನು ಓದು ಬಿಟ್ಟಿದ್ದು ಹನ್ನೆರಡನೇ ತರಗತಿ ಮುಗಿಸದೆ. "ಬೇಜಾರಿಲ್ವಾ?" ಅಂದೆ. ಸುಮ್ನೆ ನಕ್ಕಳು. ಹೆಣ್ಣುಮಕ್ಕಳಿಗೆ ಇಲ್ಲಿ ಮನೆಯ ಗೌರವ ಎಷ್ಟು ಸಿಗುತ್ತದೋ ಮನೆಯ ಸಾಲವೂ ಅಷ್ಟೇ ಸಿಗುತ್ತದೆ. ಕುಟುಂಬ ಮೌಲ್ಯ ಎಂದು ಹೊಗಳುವವರು ಈ ಕಂತನ್ನೂ ಕೇಳಬೇಕು.

ಹತ್ತು ಗಂಟೆಗೆ ಮತ್ತೆ ವಿಹಾರ. ಸತ್ತವರ ಹೆಸರು ಬರೆದ ಚೀಟಿಯನ್ನು ಭಿಕ್ಷುಗಳ ಕೈಗೆ ಕೊಡುವುದು ರೂಢಿ. ನಮ್ಮವರದೂ ಸೇರಿಸಲು ಅಜ್ಜಿ ಹಟ ಹಿಡಿದರು. ನಮ್ಮ ತಾತ ತಿಮ್ಮಪ್ಪನ ಹೆಸರು ಮೊಮ್ಮಗಳ ಕೈಲಿ ಖ್ಮೇರ್ ಲಿಪಿಗೆ ಇಳಿದು, ಭಿಕ್ಷುಗಳ ಬಾಯಲ್ಲಿ 'ತಿಂಪಾ' ಆಗಿ ಹೊರಬಂತು. ಮುಂದಿನ ಸಾಲಿನ ಹೆಂಗಸರೆಲ್ಲ ತಿರುಗಿ ನನ್ನನ್ನೇ ನೋಡಿ ನಕ್ಕರು. ಅಷ್ಟು ದೂರದಿಂದ ಬಂದವರಿಗೆ ಹಸಿವು ಜಾಸ್ತಿ ಇರುತ್ತದೆ ಎಂದು ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ಚಿಪ್ಪು ಬಾಳೆಹಣ್ಣು ಇಟ್ಟರು.