ಅಪ್‌ಗ್ರೇಡ್ ಆಯ್ತು, ಜ್ಯಾಕ್ ಮುನಿಸಿಕೊಂಡಿತು

ಲಿನಕ್ಸ್ ಅಪ್‌ಗ್ರೇಡ್ ಮಾಡಿದ ಮೇಲೆ ಬ್ರೌಸರ್‌ನಲ್ಲಿ ಹಾಡು ಚೆನ್ನಾಗಿಯೇ ಕೇಳುತ್ತದೆ, ಆದರೆ ರೆಕಾರ್ಡಿಂಗ್‌ಗೆ ಅಂತ ಆರ್ಡೋರ್ ಪ್ರೋಗ್ರಾಂ ತೆರೆದು, ಸದ್ದನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ಜ್ಯಾಕ್ ಸರ್ವರ್ ಶುರು ಮಾಡಿದರೆ ಮಾತ್ರ ‘ಡಿವೈಸ್ ಬಿಜಿ’ ಅನ್ನುತ್ತದೆ. ಸೌಂಡ್ ಕಾರ್ಡ್ ಕೆಟ್ಟಿಲ್ಲ, ಡ್ರೈವರೂ ಹೋಗಿಲ್ಲ. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಡಬೇಡಿ, ಸುಮ್ನೆ ಒಂದು ದಿನ ಹಾಳು.

ಆಗಿರುವುದು ಇಷ್ಟೇ. ಪ್ರೋಗ್ರಾಂಗಳ ಸದ್ದನ್ನು ಸೌಂಡ್ ಕಾರ್ಡ್‌ಗೆ ತಲುಪಿಸುತ್ತಿದ್ದ ಪಲ್ಸ್‌ಆಡಿಯೋ ಇದ್ದ ಜಾಗಕ್ಕೆ ಪೈಪ್‌ವೈರ್ ಬಂದಿದೆ. 2021ರಲ್ಲಿ ಫೆಡೋರಾ 34, ಮರುವರ್ಷ ಉಬುಂಟು 22.10 ಇದನ್ನು ಡೀಫಾಲ್ಟ್ ಮಾಡಿದವು. ಕಾರ್ಡನ್ನು ಪೈಪ್‌ವೈರ್ ಹಿಡಿದು ಕೂತಿರುವಾಗ ಹಳೆಯ ಜ್ಯಾಕ್ ಸರ್ವರ್ ಬಂದು ಅದನ್ನೇ ಕೇಳಿದರೆ ಎಲ್ಲಿಂದ ಸಿಗಬೇಕು, ಅಲ್ವಾ?

ಹಳೆ ಸರ್ವರ್ ಮರೆತುಬಿಡಿ. ಪೈಪ್‌ವೈರ್-ಜ್ಯಾಕ್ ಪ್ಯಾಕೇಜ್ ಹಾಕಿ. ಟರ್ಮಿನಲ್‌ನಲ್ಲಿ ಆರ್ಡೋರ್ ಹೆಸರಿಗಿಂತ ಮೊದಲು ‘ಪಿಡಬ್ಲ್ಯು-ಜ್ಯಾಕ್’ (pw-jack) ಸೇರಿಸಿ ಓಡಿಸಿ, ಆಡಿಯೋ ಸಿಸ್ಟಮ್ ಯಾವುದು ಅಂತ ಕೇಳಿದಾಗ ಜ್ಯಾಕ್ ಆರಿಸಿ. ಪ್ರೋಗ್ರಾಂಗೆ ತಾನು ಜ್ಯಾಕ್ ಜೊತೆಗೇ ಮಾತಾಡುತ್ತಿದ್ದೇನೆ ಅನ್ನುವ ಭ್ರಮೆ, ಕೆಲಸ ಮಾಡುವುದು ಪೈಪ್‌ವೈರ್.

ನನ್ನನ್ನು ಇನ್ನೂ ಜಾಸ್ತಿ ಕಾಡಿದ್ದು ಮಿಡಿ ಕೀಬೋರ್ಡ್, ಅಂದರೆ ಕಂಪ್ಯೂಟರ್‌ಗೆ ಜೋಡಿಸುವ ಪಿಯಾನೋ ಥರದ ಕೀಲಿಮಣೆ. ಕೀ ಒತ್ತಿದ ಮೇಲೆ ಸ್ವರ ನಿಧಾನಕ್ಕೆ ಬರುತ್ತಿತ್ತು, ತಾಳಕ್ಕೆ ಕೂರುತ್ತಲೇ ಇರಲಿಲ್ಲ. ನೋಡಿದರೆ ಬಫರ್, ಅಂದರೆ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು, 1024 ಸ್ಯಾಂಪಲ್. 48,000 ಹರ್ಟ್ಸ್‌ನಲ್ಲಿ ಅದು ಸುಮಾರು 21 ಮಿಲಿಸೆಕೆಂಡ್. ಪೈಪ್‌ವೈರ್ ಇದನ್ನು ‘ಕ್ವಾಂಟಮ್’ ಅನ್ನುತ್ತದೆ, ಏನೋ ಭೌತಶಾಸ್ತ್ರದ ಪಾಠ ಇದ್ದ ಹಾಗೆ! 256ಕ್ಕೆ ಇಳಿಸಿದೆ, 5 ಚಿಲ್ಲರೆಗೆ ಬಂತು. ಇನ್ನೂ ಆಸೆಪಟ್ಟು 64 ಇಟ್ಟರೆ ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲಿ ಚಟಪಟ ಸದ್ದು. ಮಿಕ್ಸಿಂಗ್‌ಗೆ ಕೂತಾಗ ಸದ್ದಿಗೆ ಎಫೆಕ್ಟ್ ಸೇರಿಸುವ ಪ್ಲಗಿನ್‌ಗಳ ಭಾರ ಇರುವುದರಿಂದ ಮತ್ತೆ 1024ಕ್ಕೇ ಏರಿಸುತ್ತೇನೆ, ಆಗ ತಡವಾದರೂ ಏನೂ ತೊಂದರೆಯಿಲ್ಲ.